ಮುಂದೆ ಏನೇನಿತ್ತು, ಅದರಲ್ಲಿ ಏನು ಆರಿಸಿದರು: ಓದುಗರ ಪ್ರಶ್ನೆಗಳಿಗೆ ಉತ್ತರ

ಜನ ದಿನಾ ತೆಗೆದುಕೊಳ್ಳುವ ತೀರ್ಮಾನಗಳನ್ನು ಎಣಿಸಿ, ಅಳೆದು, ಅದರ ಮೇಲೆ ಸರ್ಕಾರದ ಯೋಜನೆಗಳನ್ನು ಹೇಗೆ ರೂಪಿಸುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಹೊಸ ಓದುಗರಿಗೆ ನನ್ನ ಪರಿಚಯ: ಊರು ಶ್ರೀರಂಗಪಟ್ಟಣದ ಪಕ್ಕ, ಮನೆ ಈಗ ಮೈಸೂರಿನ ಸರಸ್ವತಿಪುರಂ. ಓದಿದ್ದು ಸಂಖ್ಯಾಶಾಸ್ತ್ರ. ಮಂಡ್ಯ, ಮೈಸೂರು ಕಡೆ ಮನೆಮನೆಗೆ ಹೋಗಿ ಸರ್ವೆ ಮಾಡುವುದು, ಬಂದ ಅಂಕಿಗಳಲ್ಲಿ ಏನಿದೆ ಎಂದು ಹುಡುಕುವುದು ನನ್ನ ಕೆಲಸ.

ಪ್ರಶ್ನೆ: ಬಸ್ಸು ಫ್ರೀ ಆದ ಮೇಲೆ ಹೆಂಗಸರು ಸುಮ್ನೆ ಊರೂರು ಸುತ್ತುತ್ತಾರೆ ಅಂತ ನಮ್ಮ ಬೀದಿಯ ಗಂಡಸರು ಆಡಿಕೊಳ್ಳುತ್ತಾರೆ. ನನಗೆ ಗಾರ್ಮೆಂಟ್ಸ್‌ಗೆ ಹೋಗಿ ಬರುವಷ್ಟರಲ್ಲೇ ಸಾಕಾಗಿ ಹೋಗುತ್ತೆ. ಇದು ನಿಜವೋ ಸುಳ್ಳೋ ಅಂತ ಲೆಕ್ಕ ಹಾಕೋಕೆ ಆಗುತ್ತಾ ಮೇಡಂ?
(ಗಾರ್ಮೆಂಟ್ಸ್ ಕೆಲಸಗಾರ್ತಿ, ಮದ್ದೂರು)

ಉತ್ತರ: ಆಗುತ್ತಮ್ಮ. ಆದರೆ ಸರಿಯಾದದ್ದನ್ನು ಎಣಿಸಬೇಕು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅಂದಿನಿಂದ ಕಂಡಕ್ಟರು ಹರಿದು ಕೊಡುವ ಪ್ರತಿಯೊಂದು ಶೂನ್ಯ ಟಿಕೆಟ್ಟೂ ಮೆಷಿನ್ನಿನಲ್ಲಿ ದಾಖಲಾಗುತ್ತದೆ. ಪೇಪರಿನಲ್ಲಿ ಇಷ್ಟು ಕೋಟಿ ಎಂದು ಬರುವುದು ಆ ಟಿಕೆಟ್ಟುಗಳ ಲೆಕ್ಕ. ನೀವು ಬೆಳಿಗ್ಗೆ ಹೋಗಿ ಸಂಜೆ ಬಂದರೆ ಎರಡು ಟಿಕೆಟ್ಟು. ನಡುವೆ ಬಸ್ಸು ಬದಲಾಯಿಸಿದರೆ ನಾಲ್ಕು. ಹೋಗಿ ಬಂದವರು ಮಾತ್ರ ನೀವೊಬ್ಬರೇ. ಟಿಕೆಟ್ಟಿನ ಸಂಖ್ಯೆ ನೋಡಿ ಹೆಂಗಸರ ಬಗ್ಗೆ ತೀರ್ಪು ಕೊಡುವುದು ತಪ್ಪು.

ಎರಡನೆಯದು, ಅದೇ ಟಿಕೆಟ್ಟಿನ ಹಿಂದೆ ಬೇರೆ ಬೇರೆ ಕಥೆ ಇರಬಹುದು. ಮೊದಲೂ ಬಸ್ಸಲ್ಲೇ ಹೋಗುತ್ತಿದ್ದವರು ಇರುತ್ತಾರೆ. ಆಟೋದಲ್ಲಿ ಹತ್ತು ಜನರ ನಡುವೆ ಸಿಕ್ಕಿಕೊಂಡು ಹೋಗುತ್ತಿದ್ದವರು ಇರುತ್ತಾರೆ. ನಡೆದು ಹೋಗುತ್ತಿದ್ದವರು, ಹೋಗಲೇ ಆಗದೆ ಮನೆಯಲ್ಲಿ ಉಳಿಯುತ್ತಿದ್ದವರು ಇರುತ್ತಾರೆ. "ಈಗ ಬಸ್ಸು ಜಾಸ್ತಿ ಬಳಸ್ತೀರಾ?" ಎಂದು ಕೇಳಿದರೆ ಎಲ್ಲರೂ "ಹೂಂ" ಅನ್ನುತ್ತಾರೆ, ನಮಗೇನೂ ಗೊತ್ತಾಗುವುದಿಲ್ಲ. ನಾವು ಕೇಳುವುದೇ ಬೇರೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿಗೆ ಹೋದಿರಿ? ಯಾವುದರಲ್ಲಿ? ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾದಿರಿ? ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿದ್ದರೆ ಈ ಕೆಲಸಕ್ಕೆ ಏನು ಮಾಡುತ್ತಿದ್ದಿರಿ?

ಮಂಡ್ಯ ಬಸ್ ಸ್ಟಾಂಡಿನಲ್ಲಿ ಒಬ್ಬರು ಕೆರಗೋಡು ಕಡೆಯ ಹೆಂಗಸು ಈ ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ ಹೀಗಿತ್ತು. ಮಡಿಲಲ್ಲಿ ಎಕ್ಸ್‌ರೇ ಕವರು, ಮಾತ್ರೆ ಚೀಟಿ. ಅವರ ತಾಯಿ ಮೈಸೂರಿನ ಆಸ್ಪತ್ರೆಯಲ್ಲಿ. "ಮುಂಚೆ ತಮ್ಮನ ಕೈಲಿ ದುಡ್ಡು ಕಳಿಸಿ ಸುಮ್ನಾಗ್ತಿದ್ದೆ. ಈಗ ನಾನೇ ಹೋಗಿ ಡಾಕ್ಟರು ಏನಂದ್ರು ಅಂತ ಕಿವಿಯಾರೆ ಕೇಳ್ಕೊಂಡು ಬರ್ತೀನಿ." ಮೆಷಿನ್ನಿನ ಲೆಕ್ಕದಲ್ಲಿ ಇದು ಹೊಸದಾಗಿ ಸೇರಿದ ಒಂದು ಪ್ರಯಾಣ ಅಷ್ಟೆ. ನಿಮ್ಮ ಬೀದಿಯವರು ಇದನ್ನೇ ಸುತ್ತಾಟ ಅನ್ನುತ್ತಿರಬಹುದು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಿ ತಾಯಿ ಚಾಮುಂಡಿಗೆ ಕೈ ಮುಗಿದು ಬಂದರೂ ಅದು ಯಾರಿಗೂ ಲೆಕ್ಕ ಒಪ್ಪಿಸಬೇಕಾದ ವಿಷಯವಲ್ಲ.

ಸುತ್ತಲು ಪುರುಸೊತ್ತಾದರೂ ಎಲ್ಲಿದೆ? ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ದೇಶಾದ್ಯಂತ ಸರ್ವೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 97 ನಿಮಿಷ. ನಿಮ್ಮ ಬೀದಿಯವರಿಗೆ ಈ ಎರಡು ಅಂಕಿ ಓದಿ ಹೇಳಿ.

ಪ್ರಯಾಣದ ತೀರ್ಮಾನಗಳನ್ನು ಲೆಕ್ಕಕ್ಕೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಡೇನಿಯಲ್ ಮೆಕ್‌ಫಾಡೆನ್. ಸ್ಯಾನ್‌ಫ್ರಾನ್ಸಿಸ್ಕೋ ಭಾಗದಲ್ಲಿ 1972ರಲ್ಲಿ ಬಾರ್ಟ್ ಎಂಬ ಹೊಸ ರೈಲು ಶುರುವಾಯಿತು. ಕೆಲಸಕ್ಕೆ ಹೋಗುವವರಲ್ಲಿ ಶೇ 15ರಷ್ಟು ಜನ ಇದನ್ನು ಹತ್ತುತ್ತಾರೆ ಎಂದು ಅಧಿಕಾರಿಗಳ ಅಂದಾಜು. ಮೆಕ್‌ಫಾಡೆನ್ ತಂಡ ರೈಲು ಬರುವ ಮುಂಚೆಯೇ ಜನರ ಬಳಿ ಹೋಯಿತು. ಈಗ ಯಾವುದರಲ್ಲಿ ಹೋಗುತ್ತೀರಿ, ಎಷ್ಟು ಖರ್ಚು, ಎಷ್ಟು ನಡಿಗೆ, ಎಷ್ಟು ಕಾಯುವುದು ಎಂದು ಕೇಳಿ, ಶೇ 6.3 ಎಂದು ಲೆಕ್ಕ ಕೊಟ್ಟಿತು. ಕೊನೆಗೆ ಹತ್ತಿದವರು ಶೇ 6.2. ಅವರಿಗೆ 2000ದಲ್ಲಿ ನೊಬೆಲ್ ಬಂತು. ಅವರ ದಾರಿಯಲ್ಲಿ ನನಗೆ ತುಂಬಾ ಹಿಡಿಸುವುದು ಒಂದು ವಿಷಯ. ಒಬ್ಬರು ಏನು ಆರಿಸಿದರು ಎಂದು ಬರೆದುಕೊಂಡರೆ ಸಾಲದು, ಅವರ ಮುಂದೆ ಏನೇನಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಬಸ್ಸೇ ಬಾರದ ಊರಿನ ಹೆಂಗಸು ಬಸ್ಸನ್ನು "ಬೇಡ" ಅಂದಿಲ್ಲ. ಬಸ್ಸಿನೊಳಗೆ ಕೂತವರನ್ನಷ್ಟೇ ಕೇಳಿದರೆ ಅವಳು ಎಂದಿಗೂ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಶಕ್ತಿ ಯೋಜನೆ ಬಗ್ಗೆ ನನ್ನನ್ನು ಕೇಳಿದರೆ, ಮುಂದಿನ ಸರ್ವೆ ಆ ಊರುಗಳಿಂದ ಶುರುವಾಗಬೇಕು.

ಪ್ರಶ್ನೆ: ಸಾವಿರ ಜನರನ್ನು ಕೇಳಿ ಇಡೀ ರಾಜ್ಯದ ಅಭಿಪ್ರಾಯ ಅಂತಾರೆ. ನನ್ನ ಮನೆಗೆ ಈವರೆಗೆ ಯಾರೂ ಬಂದಿಲ್ಲ. ಹೇಗೆ ನಂಬೋದು?
(ನಿವೃತ್ತ ಶಿಕ್ಷಕರು, ಮಳವಳ್ಳಿ)

ಉತ್ತರ: ಮೇಷ್ಟ್ರೇ, ಭತ್ತದ ವ್ಯಾಪಾರಿ ಮೂಟೆಗೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಹೊರತೆಗೆದು ಬೆಲೆ ಕಟ್ಟುವುದನ್ನು ನೀವು ನೋಡಿರುತ್ತೀರಿ. ಎಷ್ಟು ತೆಗೆದ ಎನ್ನುವುದಕ್ಕಿಂತ ಎಲ್ಲೆಲ್ಲಿ ಚುಚ್ಚಿದ ಎನ್ನುವುದೇ ಮುಖ್ಯ. ಚೀಟಿ ಎತ್ತಿದ ಹಾಗೆ, ಎಲ್ಲರಿಗೂ ಸಮಾನ ಅವಕಾಶ ಇರುವಂತೆ ಸಾವಿರ ಜನರನ್ನು ಆರಿಸಿದರೆ ಸಾಮಾನ್ಯವಾಗಿ ಉತ್ತರ ಶೇ 3ರಷ್ಟು ಆಚೀಚೆ ಇರುತ್ತದೆ. ನಾನೂರು ಜನ ಆದರೆ ಶೇ 5. ರಾಜ್ಯ ಎಷ್ಟು ದೊಡ್ಡದು ಎನ್ನುವುದರಿಂದ ಇದು ಹೆಚ್ಚೇನೂ ಬದಲಾಗುವುದಿಲ್ಲ.

ಆರಿಸುವುದೇ ಕೆಟ್ಟರೆ ಸಂಖ್ಯೆ ಕಾಪಾಡುವುದಿಲ್ಲ. 1936ರ ಅಮೆರಿಕ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಒಂದು ಕೋಟಿ ಕಾರ್ಡು ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡಿತು. ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅವರು 48 ರಾಜ್ಯಗಳಲ್ಲಿ 46 ಗೆದ್ದರು. ಕಾರ್ಡು ಹೋಗಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಗೆ, ವಾಪಸು ಬರೆದದ್ದೂ ಅವರಲ್ಲಿ ಕೆಲವರೇ. ಇವತ್ತು ವಾಟ್ಸಾಪಿನಲ್ಲಿ ಬರುವ "ಲಕ್ಷ ಜನರ ಅಭಿಪ್ರಾಯ" ಎಂಬುದಕ್ಕೂ ಇದೇ ರೋಗ. ಯಾವ ಸರ್ವೆ ಕಂಡರೂ "ಎಷ್ಟು ಜನ" ಎಂದು ಕೇಳುವ ಮುಂಚೆ "ಯಾವ ಪಟ್ಟಿಯಿಂದ ತೆಗೆದಿರಿ, ಎಷ್ಟು ಜನ ಉತ್ತರ ಕೊಡಲಿಲ್ಲ" ಎಂದು ಕೇಳಿ.

ಪ್ರಶ್ನೆ: ಕಬ್ಬು ಬಿಡಿ, ಕಡಿಮೆ ನೀರಿನ ಬೆಳೆ ಹಾಕಿ ಅಂತ ಪ್ರತಿ ಸಭೆಯಲ್ಲೂ ಹೇಳ್ತಾರೆ. ರೈತರು ಮಾತು ಕೇಳಲ್ಲ ಅಂತ ನಮ್ಮ ಮೇಲೇ ದೂರು. ನಿಮ್ಮ ಲೆಕ್ಕ ಏನು ಹೇಳುತ್ತೆ?
(ಕಬ್ಬು ಬೆಳೆಗಾರರು, ಪಾಂಡವಪುರ ತಾಲ್ಲೂಕು)

ಉತ್ತರ: ಅಣ್ಣಾ, ಇದಕ್ಕೆ ಉದ್ದವಾಗಿಯೇ ಬರೆಯಬೇಕು. ನಮ್ಮ ಮನೆಯಲ್ಲೂ ಕಬ್ಬಿದೆ.

ಮೊದಲು ಕಬ್ಬು ಇಲ್ಲಿಗೆ ಹೇಗೆ ಬಂತು ನೋಡೋಣ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಮಂಡ್ಯಕ್ಕೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ನೀರು, ಕಾರ್ಖಾನೆ, ಕೊಳ್ಳುವವರು ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟಿದ್ದು ಆಗಿನ ಸರ್ಕಾರವೇ. ನಿಮ್ಮ ಅಜ್ಜ ಆರಿಸಿದ್ದು ಆ ದಾರಿಯನ್ನು. ಅದನ್ನು ಮೊಮ್ಮಗನ ಹಟ ಅನ್ನುವುದು ನ್ಯಾಯವಲ್ಲ.

ಈಗ ನಿಮ್ಮ ಮುಂದೆ ಏನಿದೆ? ಕಬ್ಬು ಹಾಕಿದರೆ ಕಾರ್ಖಾನೆಯ ಜೊತೆ ಒಪ್ಪಂದ ಇರುತ್ತದೆ, ಕೇಂದ್ರ ಪ್ರತಿ ವರ್ಷ ಗೊತ್ತುಮಾಡುವ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಇರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂಬ ನಿಯಮ ಇದೆ. ಅದು ಎಷ್ಟು ಸಲ ಪಾಲನೆಯಾಗುತ್ತದೆ ಎಂದು ನೀವೇ ಚೆನ್ನಾಗಿ ಬಲ್ಲಿರಿ. ಕಾರ್ಖಾನೆ ಕೈಕೊಟ್ಟರೆ ಆಲೆಮನೆ ಇದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆಗೆ ಬಿತ್ತನೆ ಖರ್ಚಿಲ್ಲ. ಆಳು ಸಿಗದ ಕಾಲದಲ್ಲಿ ವರ್ಷಕ್ಕೊಂದು ಸಲ ಕಟಾವು. ಬೇರೆ ಬೆಳೆ ಹಾಕಿದರೆ? ನಿಮ್ಮ ಗದ್ದೆಗೆ ರಾಗಿ, ಅವರೆ ಹಾಕಿದರೆ ಕೊಳ್ಳುವವರು ಯಾರು, ಯಾವ ದರಕ್ಕೆ, ಯಾವಾಗ ದುಡ್ಡು, ಪಕ್ಕದ ಗದ್ದೆಗೆ ನೀರು ಬಿಟ್ಟಾಗ ನಿಮ್ಮ ರಾಗಿ ಉಳಿಯುತ್ತಾ? ಇದ್ಯಾವುದಕ್ಕೂ ಉತ್ತರ ಕೊಡದೆ "ಬದಲಾಯಿಸಿ" ಅಂದರೆ ಯಾರು ಬದಲಾಯಿಸುತ್ತಾರೆ?

ಇಂಥ ಕಡೆ ನಾವು ಚೀಟಿಯ ದಾರಿ ಹಿಡಿಯುತ್ತೇವೆ. ಜಗಲಿ ಮೇಲೆ ಕೂತು ರೈತರ ಮುಂದೆ ಮೂರು ಚೀಟಿ ಇಡುತ್ತೇವೆ. ಒಂದರಲ್ಲಿ ಕಬ್ಬು, ಈಗಿನ ದರ, ದುಡ್ಡು ಬರಲು ಮೂರು ತಿಂಗಳು. ಇನ್ನೊಂದರಲ್ಲಿ ರಾಗಿ, ಬೆಂಬಲ ಬೆಲೆಗೆ ಖರೀದಿ ಖಾತ್ರಿ, ದುಡ್ಡು ಹದಿನೈದು ದಿನಕ್ಕೆ. ಮೂರನೆಯದು "ಎರಡೂ ಬೇಡ". ಒಂದನ್ನು ಆರಿಸಲು ಹೇಳುತ್ತೇವೆ. ಮತ್ತೆ ದರ, ದಿನ, ನೀರಿನ ಸರದಿ ಬದಲಾಯಿಸಿ ಹೊಸ ಚೀಟಿ ಇಡುತ್ತೇವೆ. ಹೀಗೆ ಒಬ್ಬೊಬ್ಬರು ಹಲವು ಸಲ ಆರಿಸಿದ ಮೇಲೆ, ಬೆಲೆಗೆ ಎಷ್ಟು ತೂಕ, ಬೇಗ ಕೈಗೆ ಬರುವ ದುಡ್ಡಿಗೆ ಎಷ್ಟು ತೂಕ ಎಂದು ಲೆಕ್ಕದಲ್ಲಿ ಬಿಡಿಸಿ ತೆಗೆಯಬಹುದು. ಕೆಲವು ತಂಡಗಳು ಮೂರನೆಯ ಚೀಟಿ ಇಡುವುದೇ ಇಲ್ಲ. ನನಗೆ ಅದು ಸರಿ ಕಾಣುವುದಿಲ್ಲ. "ಬೇಡ" ಅನ್ನಲು ಜಾಗ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಚೀಟಿಯಲ್ಲಿ ಹೇಳಿದ್ದನ್ನು ಜನ ಗದ್ದೆಯಲ್ಲಿ ಮಾಡುತ್ತಾರಾ ಎನ್ನುವುದನ್ನು ಆಮೇಲೆ ಹೋಗಿ ನೋಡಿಬರಬೇಕು, ಅದಂತೂ ಬೇಕೇ ಬೇಕು.

ನಿಮಗೆ ಹತ್ತಿರದ ಇನ್ನೊಂದು ಅಧ್ಯಯನ ಇದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ ಪರೀಕ್ಷೆ ಮಾಡಿದರು. ಚಿತ್ರದ ಒಗಟು ಬಿಡಿಸುವುದು, ಅಂಕಿ ಗುರುತಿಸುವುದು, ಹೀಗೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅದೇ ರೈತ, ಅದೇ ತಲೆ. ಕಟಾವಿಗೆ ಮುಂಚೆ, ಸಾಲ ತಲೆಯ ಮೇಲಿದ್ದಾಗ, ತಪ್ಪು ಜಾಸ್ತಿ. ದುಡ್ಡು ಬಂದ ಮೇಲೆ ಚುರುಕು. ಎಲ್ಲರ ಕಟಾವೂ ಒಂದೇ ತಿಂಗಳಲ್ಲಿ ಆಗುವುದಿಲ್ಲ, ಕಾರ್ಖಾನೆಯ ಸರದಿಯಂತೆ ಆಗುತ್ತದೆ. ಹಾಗಾಗಿ ಇದು ಹಬ್ಬದ್ದೋ ಮಳೆಯದ್ದೋ ಪ್ರಭಾವ ಎಂದು ತಳ್ಳಿಹಾಕಲು ಆಗುವುದಿಲ್ಲ. ಕೈ ಖಾಲಿ ಇದ್ದಾಗ ಮನಸ್ಸಿನ ತುಂಬಾ ಆ ಚಿಂತೆಯೇ ಇರುತ್ತದೆ, ಬೇರೆಯದಕ್ಕೆ ಜಾಗ ಇರುವುದಿಲ್ಲ.

ಇದರಿಂದ ಸರ್ಕಾರ ಏನು ಮಾಡಬಹುದು? ಕೀನ್ಯಾದಲ್ಲಿ ಮಾಡಿ ನೋಡಿದ್ದಾರೆ. ಫಸಲು ಮಾರಿ ಕೈಯಲ್ಲಿ ಕಾಸಿರುವಾಗಲೇ ರೈತರ ಮನೆಗೆ ಹೋಗಿ, ಈಗಲೇ ಗೊಬ್ಬರಕ್ಕೆ ದುಡ್ಡು ಕೊಟ್ಟರೆ ಮನೆಗೇ ತಂದು ಹಾಕುತ್ತೇವೆ, ಸಾಗಾಟ ಫ್ರೀ ಎಂದರು. ಆಮೇಲೆ ಬಿತ್ತನೆ ಹೊತ್ತಿಗೆ ಅರ್ಧ ಬೆಲೆಗೆ ಗೊಬ್ಬರ ಕೊಟ್ಟಾಗ ಎಷ್ಟು ಜನ ಕೊಂಡರೋ, ಸುಮಾರು ಅಷ್ಟೇ ಜನ ಈ ಸಣ್ಣ ರಿಯಾಯಿತಿಗೂ ಕೊಂಡರು. ಹೊತ್ತು ನೋಡಿ ಹೋದರೆ ಕಡಿಮೆ ಖರ್ಚಿನಲ್ಲೂ ಕೆಲಸ ಆಗುತ್ತದೆ. ನಮ್ಮಲ್ಲಿ ಬೆಳೆ ಬದಲಾವಣೆಯ ಸಭೆ ಕರೆಯುವುದಾದರೆ ಕಟಾವಿನ ದುಡ್ಡು ಬಂದ ಮೇಲೆ ಕರೆಯಲಿ, ಖರೀದಿಯ ಖಾತ್ರಿ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬರಲಿ. ಆಗಲೂ ನೀವು ಕಬ್ಬೇ ಹಾಕಿದರೆ ಆ ತೀರ್ಮಾನವನ್ನು ಗೌರವದಿಂದ ಓದಬೇಕು. ಅದರಲ್ಲಿ ನಮಗೆ ಇನ್ನೂ ಕಾಣದ ಕಾರಣ ಇರುತ್ತದೆ.

ಪ್ರಶ್ನೆ: ಜನಗಣತಿ ತಡವಾದರೆ ನಮಗೇನು ನಷ್ಟ?
(ಕಿರಾಣಿ ಅಂಗಡಿ, ಕೆ.ಆರ್. ನಗರ)

ಉತ್ತರ: ನಷ್ಟ ಇದೆ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ, 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನರಿಗೆ ಪಡಿತರ ಎಂಬುದಕ್ಕೂ 2011ರ ಜನಸಂಖ್ಯೆಯೇ ಆಧಾರ. ಆಮೇಲೆ ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿಗೆ ಹೋಗುತ್ತಿದ್ದಾರೆ.

ಪ್ರಶ್ನೆ: ಲಸಿಕೆ ಹಾಕಿಸಿಕೊಂಡರೆ ಬೇಳೆ ಕೊಡುವ ಪ್ರಯೋಗದ ಬಗ್ಗೆ ಬರೆದಿದ್ದಿರಿ. ಸ್ವಂತ ಮಗುವಿನ ಆರೋಗ್ಯಕ್ಕೆ ಲಂಚ ಬೇಕೆ? ಇದು ಜನರನ್ನು ಕೆಡಿಸುವ ಕೆಲಸ.
(ನಿವೃತ್ತ ಬ್ಯಾಂಕ್ ಅಧಿಕಾರಿ, ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ 134 ಹಳ್ಳಿಗಳಲ್ಲಿ ಆ ಪ್ರಯೋಗ ನಡೆಯಿತು. ಏನೂ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆಯೂ ಆದ ಮಕ್ಕಳು ಶೇ 6. ಹೇಳಿದ ದಿನ ತಪ್ಪದೆ ಕ್ಯಾಂಪ್ ನಡೆಸಿದ ಹಳ್ಳಿಗಳಲ್ಲಿ ಶೇ 18. ಕ್ಯಾಂಪಿನ ಜೊತೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಮುಗಿದಾಗ ತಟ್ಟೆಗಳ ಸೆಟ್ ಕೊಟ್ಟಲ್ಲಿ ಶೇ 39. ಪ್ರಕಟವಾಗಿದ್ದು 2010ರಲ್ಲಿ. ತಂಡದಲ್ಲಿದ್ದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಅವರಿಗೆ 2019ರಲ್ಲಿ ಇಂಥ ಕೆಲಸಗಳಿಗೆ ನೊಬೆಲ್ ಬಂತು.

ನಡುವಿನ ಅಂಕಿ ನೋಡಿ. ನರ್ಸ್ ಹೇಳಿದ ದಿನ ಬಂದದ್ದಕ್ಕೇ ಮೂರು ಪಟ್ಟು. ಅಂದರೆ ಅಮ್ಮಂದಿರಿಗೆ ಮನಸ್ಸಿರಲಿಲ್ಲ ಎಂದಲ್ಲ, ಬಾಗಿಲು ತೆರೆದಿರುವುದೇ ಅಪರೂಪವಾಗಿತ್ತು. ಇನ್ನು ಬೇಳೆ. ಲಸಿಕೆ ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬರಬಹುದು, ಅಮ್ಮನ ಒಂದು ದಿನದ ಕೂಲಿ ಹೋಗುತ್ತದೆ. ನಷ್ಟ ಇವತ್ತೇ, ಲಾಭ ಎಂದೋ. ಆ ಇವತ್ತಿನ ನಷ್ಟಕ್ಕೆ ಒಂದು ಕಿಲೋ ಬೇಳೆ. ಇದು ಲಂಚ ಹೇಗಾಗುತ್ತೆ? ಬ್ಯಾಂಕಿನಲ್ಲಿದ್ದವರು, ಇದನ್ನೂ ಕೇಳಿ: ಬೇಳೆ ಕೊಟ್ಟ ಕಡೆ ಪ್ರತಿ ಮಗುವಿಗೆ ಪೂರ್ತಿ ಲಸಿಕೆಯ ಖರ್ಚು ಅರ್ಧಕ್ಕೆ ಇಳಿಯಿತು. ನರ್ಸ್ ಸಂಬಳ ಹೇಗೂ ಕೊಡಲೇಬೇಕು, ಬರುವ ಮಕ್ಕಳು ಹೆಚ್ಚಾದರು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆಯಲ್ಲಿ ಗಂಡ ಹೊಡೀತಾನಾ ಅಂತ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಇಂಥದ್ದನ್ನ ಎಣಿಸೋದು ಹೇಗೆ?
(ಎಚ್.ಡಿ. ಕೋಟೆ ತಾಲ್ಲೂಕು)

ಉತ್ತರ: ಒಂದು ದಾರಿ ಇದೆ, 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಹೊಳೆಯಿಸಿದ್ದು. ಅದರ ಒಂದು ಸುಲಭ ರೂಪ ಹೇಳುತ್ತೇನೆ. ಉತ್ತರ ಹೇಳುವವರ ಕೈಗೆ ಒಂದು ನಾಣ್ಯ ಕೊಡಿ. ನಿಮಗೆ ಕಾಣದ ಹಾಗೆ ಚಿಮ್ಮಲಿ. ಸಿಂಹದ ಮುಖ ಬಿದ್ದರೆ, ಏನೇ ಇರಲಿ, "ಹೌದು" ಅನ್ನಬೇಕು. ಅಂಕಿ ಬಿದ್ದರೆ ನಿಜ ಹೇಳಬೇಕು. ಈಗ ಒಬ್ಬಳು "ಹೌದು" ಅಂದರೆ ಅದು ನಾಣ್ಯದ ಮಾತೋ ಅವಳ ಮಾತೋ ನಿಮಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಆದರೆ ಒಟ್ಟು ಲೆಕ್ಕ ಸಿಗುತ್ತದೆ. ಉದಾಹರಣೆಗೆ, 200 ಜನರಲ್ಲಿ 130 ಜನ "ಹೌದು" ಅಂದರು ಎನ್ನಿ. ಸುಮಾರು 100 "ಹೌದು" ನಾಣ್ಯದ್ದು. ಉಳಿದ 30 ನಿಜದ್ದು, ಅದೂ ನಿಜ ಹೇಳಬೇಕಾಗಿದ್ದ 100 ಜನರಲ್ಲಿ. ಅಲ್ಲಿಗೆ ನೂರಕ್ಕೆ ಮೂವತ್ತು ಮನೆ.

ಹೀಗೆ ಮಾಡುವಾಗ ಹೆಚ್ಚು ಜನರನ್ನು ಕೇಳಬೇಕಾಗುತ್ತದೆ, ಯಾಕೆಂದರೆ ಅರ್ಧ ಉತ್ತರ ನಾಣ್ಯಕ್ಕೇ ಹೋಗುತ್ತದೆ. ಇನ್ನು ಯಾರಾದರೂ ನಿಮ್ಮ ಕೈ ಹಿಡಿದು ನಿಜ ಹೇಳಲು ಶುರು ಮಾಡಿದರೆ ಆಗ ಪೆನ್ನು, ಪೇಪರು ಪಕ್ಕಕ್ಕಿಡಿ. ಮಹಿಳಾ ಸಹಾಯವಾಣಿ 181ರ ನಂಬರನ್ನು ಬಾಯಿಪಾಠ ಮಾಡಿಸಿ, ಚೀಟಿಯಲ್ಲಿ ಬರೆದು ಕೊಡಬೇಡಿ. ಚೀಟಿ ಗಂಡನ ಕೈಗೆ ಸಿಗಬಹುದು.

ಪ್ರಶ್ನೆ: ಸೊಸೈಟಿಯಲ್ಲಿ ಬೆಳೆ ಸಾಲ ತೆಗೆದೆ. ಬೆಳೆ ವಿಮೆಗೆ ದುಡ್ಡು ಹಿಡಿದುಕೊಂಡರು. ನಾನು ಬೇಕು ಅಂದಿರಲಿಲ್ಲ. ಇದು ಸರಿಯೇ?
(ರೈತರು, ನಾಗಮಂಗಲ)

ಉತ್ತರ: ಬೇಕು ಅನ್ನಲಿಲ್ಲ, ಬೇಡ ಎಂದು ಬರೆದೂ ಕೊಡಲಿಲ್ಲ, ಅಲ್ವಾ? ಫಸಲ್ ಬಿಮಾ ಯೋಜನೆ 2020ರಿಂದ ಎಲ್ಲರಿಗೂ ಐಚ್ಛಿಕ. ಆದರೆ ಸಾಲ ಪಡೆದವರು ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚೆ "ಬೇಡ" ಎಂದು ಬರೆದುಕೊಡದಿದ್ದರೆ ತಾನಾಗಿಯೇ ಸೇರಿಸುತ್ತಾರೆ. ಸುಮ್ಮನಿದ್ದವರನ್ನು ಯಾವ ಕಡೆ ಸೇರಿಸಬೇಕು ಎನ್ನುವುದು ದೊಡ್ಡ ವಿಷಯ. ಅಂಗಾಂಗ ದಾನಕ್ಕೆ ಆಸ್ಟ್ರಿಯಾದಲ್ಲಿ ಬೇಡ ಅನ್ನದವರೆಲ್ಲ ಒಪ್ಪಿದಂತೆ, ಜರ್ಮನಿಯಲ್ಲಿ ಬೇಕು ಅಂದವರು ಮಾತ್ರ. ಇದರ ಮೇಲೆ 2003ರಲ್ಲಿ ಬಂದ ಅಧ್ಯಯನದಲ್ಲಿ ಒಪ್ಪಿಗೆ ಆಸ್ಟ್ರಿಯಾದಲ್ಲಿ ಶೇ 99.98, ಜರ್ಮನಿಯಲ್ಲಿ ಶೇ 12. ಪಕ್ಕಪಕ್ಕದ ದೇಶಗಳು, ಆಡುವುದೂ ಒಂದೇ ಭಾಷೆ.

ಬೆಳೆ ವಿಮೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಆದರೆ ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಎಣಿಸುವುದಾದರೆ, ಅದನ್ನು ಮೊದಲೇ ಬಾಯಿಬಿಟ್ಟು ಹೇಳುವುದು ಸಾಲ ಕೊಡುವವರ ಕರ್ತವ್ಯ. ನಿಮ್ಮ ಮಟ್ಟಿಗೆ, ರಸೀದಿ ಕೇಳಿ ಪಡೆದುಕೊಳ್ಳಿ. ಯಾವ ಬೆಳೆ, ಎಷ್ಟು ಎಕರೆ ಎಂದು ಬರೆದಿದೆ ನೋಡಿ. ಗದ್ದೆಯಲ್ಲಿರುವ ಬೆಳೆ ಒಂದು, ರಸೀದಿಯ ಬೆಳೆ ಇನ್ನೊಂದು ಆದರೆ ಪರಿಹಾರದ ಹೊತ್ತಿಗೆ ತೊಂದರೆ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಈ ಕೆಲಸಕ್ಕೆ ಬರಬೇಕೆಂದು ಆಸೆ. ದುಡ್ಡು ಖರ್ಚು ಮಾಡಿ ಕೋರ್ಸ್ ಸೇರಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಬಾ ಮಗಳೇ, ನಿನ್ನಂಥವರೇ ಬೇಕು. ದುಡ್ಡು ಬೇಕಾಗಿಲ್ಲ. ಅಂಕಿಗಳ ಲೆಕ್ಕ ಹಾಕುವ ಆರ್ ಎಂಬ ಸಾಫ್ಟ್‌ವೇರ್ ಫ್ರೀ ಸಿಗುತ್ತದೆ. ಕೇಂದ್ರ ಸಾಂಖ್ಯಿಕ ಇಲಾಖೆಯ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲ ದತ್ತಾಂಶ, ಮನೆಮನೆಯ ಉತ್ತರಗಳೇ, ಹೆಸರು ವಿಳಾಸ ತೆಗೆದು, ಫ್ರೀಯಾಗಿ ಸಿಗುತ್ತವೆ. ನಾನು ಮೇಲೆ ಬರೆದ 299 ನಿಮಿಷದ ಸರ್ವೆಯೂ ಅಲ್ಲೇ ಇದೆ. ಅದನ್ನು ಇಳಿಸಿಕೊಂಡು ಕರ್ನಾಟಕದ ಅಂಕಿಯನ್ನು ನೀನೇ ತೆಗೆದು ನೋಡು. ಪ್ರತಿ ಮನೆಯ ಮುಂದೆ ಒಂದು ತೂಕದ ಅಂಕಿ ಕೊಟ್ಟಿರುತ್ತಾರೆ, ಆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂದು ಹೇಳುವ ಅಂಕಿ ಅದು. ಆ ತೂಕ ಸೇರಿಸದೆ ಸರಾಸರಿ ತೆಗೆದರೆ ಉತ್ತರ ತಪ್ಪುತ್ತದೆ, ಅದನ್ನು ಮೊದಲು ಕಲಿ.

ಲೆಕ್ಕದ ಜೊತೆಗೆ ಕೂತು ಕೇಳುವುದನ್ನೂ ಕಲಿಯಬೇಕು. ನಮ್ಮ ನೆಲದಲ್ಲಿ ಅದಕ್ಕೆ ಹಳೆಯ ದಾರಿ ಇದೆ. 1950ರ ದಶಕದ ಆರಂಭದಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ಮನೆಮನೆಗೆ ಹೋಗಿ ಜನಸಂಖ್ಯೆ, ಕುಟುಂಬದ ಗಾತ್ರದ ಬಗ್ಗೆ ಕೇಳಿದ್ದರು. ವರದಿ 1961ರಲ್ಲಿ ಬಂತು. ನಿಮ್ಮ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೇಳಿ ನೋಡು. ಆಗಿನ ಪ್ರಶ್ನೆಗಳನ್ನು ಓದಿದರೆ ಹೇಗೆ ಕೇಳಬೇಕು, ಹೇಗೆ ಕೇಳಬಾರದು ಎಂದು ಎರಡೂ ತಿಳಿಯುತ್ತದೆ.

ಆಮೇಲೆ ಒಂದು ಪುಟದ ಪ್ರಶ್ನಾವಳಿ ಬರೆ. ಕನ್ನಡದಲ್ಲೇ ಬರೆ, ಇಂಗ್ಲಿಷಿನಲ್ಲಿ ಬರೆದು ತಿರುಗಿಸಬೇಡ. ಅದನ್ನು ಮೊದಲು ನಿಮ್ಮಮ್ಮನಿಗೆ ಕೇಳು. ಅವರು ಎಲ್ಲಿ "ಏನಂದೆ?" ಅನ್ನುತ್ತಾರೋ ಆ ಪ್ರಶ್ನೆಯನ್ನು ಬದಲಾಯಿಸು. ತಿದ್ದಿದ ಪುಟವನ್ನು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಅಂಕಣದ ಹೆಸರು ಬರೆದು ಕಳಿಸು. ಓದಿ, ಗುರುತು ಹಾಕಿ ವಾಪಸು ಕಳಿಸುತ್ತೇನೆ.